ಶಂಖದ ಹುಳಕ್ಕೆ ಉಗುರುಬಣ್ಣ

ಕಳೆದ ಜೂನ್ ತಿಂಗಳ ಎರಡನೆಯ ವಾರ, ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಕೊಡಗಿನ ಶನಿವಾರಸಂತೆ ಸಮೀಪದ ನಮ್ಮ ತೋಟದ ಕೆಳಭಾಗದ ಅರ್ಧ ಎಕರೆಯಲ್ಲಿ ರಾತ್ರಿ ಎಂಟು ಗಂಟೆಯ ಹೊತ್ತಿಗೆ ನಾನು ರಬ್ಬರ್ ಕೈಗವಸು ತೊಟ್ಟು, ಒಂದು ಕೈಯಲ್ಲಿ ಟಾರ್ಚ್, ಇನ್ನೊಂದು ಕೈಯಲ್ಲಿ ಮಗಳ ಉಗುರುಬಣ್ಣದ ಸೀಸೆ ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತಿದ್ದೆ. ಬಾಳೆಯ ಬುಡದಲ್ಲಿ, ಕಾಫಿ ಗಿಡದ ಕಾಂಡದ ಮೇಲೆ, ಕೊಳೆತ ಪಪ್ಪಾಯಿ ಎಲೆಯ ಅಡಿಯಲ್ಲಿ ಕಂಡ ಶಂಖದ ಹುಳುಗಳನ್ನು, ಅಂದರೆ ಆಫ್ರಿಕಾದ ದೈತ್ಯ ಬಸವನಹುಳುಗಳನ್ನು, ಒಂದೊಂದಾಗಿ ಎತ್ತಿ, ಚಿಪ್ಪನ್ನು ಬಟ್ಟೆಯಿಂದ ಒರೆಸಿ, ಗುಲಾಬಿ ಬಣ್ಣದ ಒಂದು ಬೊಟ್ಟು ಇಟ್ಟು, ಒಣಗುವವರೆಗೆ ಕಾದು, ಎತ್ತಿದ ಜಾಗದಲ್ಲೇ ಬಿಡುತ್ತಿದ್ದೆ. ಎರಡು ಅಂಗುಲಕ್ಕಿಂತ ಉದ್ದವಿರುವುದನ್ನು ಮಾತ್ರ ಎಣಿಕೆಗೆ ತೆಗೆದುಕೊಂಡೆ. ಹನ್ನೊಂದು ಗಂಟೆಗೆ ಮನೆಗೆ ಮರಳುವಾಗ ನೋಟ್‌ಬುಕ್ಕಿನಲ್ಲಿ 84 ಗೆರೆಗಳಿದ್ದವು.

ಬೇಲಿಯಾಚೆಯ ತೋಟದ ಗೌಡರು ಇದನ್ನು ನೋಡಿ, "ಏನ್ ಮೇಷ್ಟ್ರೇ, ಹಿಡಿದ ಹುಳಾನ ಸಿಂಗಾರ ಮಾಡಿ ಮತ್ತೆ ತೋಟಕ್ಕೇ ಬಿಡ್ತೀರಲ್ಲ" ಎಂದು ನಕ್ಕರು. ಅವರ ನಗುವಿಗೆ ಕಾರಣವಿತ್ತು. ನಮ್ಮ ಭಾಗದಲ್ಲಿ ಈ ಹುಳು ಕೆಲವು ವರ್ಷಗಳಿಂದ ಕಾಫಿ, ಬಾಳೆ, ಹಸಿಮೆಣಸಿನಕಾಯಿ, ತರಕಾರಿ ಎನ್ನದೆ ಕೆರೆದು ತಿನ್ನುತ್ತಿದೆ. ಅದನ್ನು ಗೋಣಿಚೀಲಗಳಲ್ಲಿ ತುಂಬಿ ಉಪ್ಪುನೀರಿಗೆ ಸುರಿಯುವುದೇ ಮಳೆಗಾಲದ ಸಂಜೆಗಳ ಕೆಲಸವಾಗಿಬಿಟ್ಟಿದೆ. ಆದರೆ ಮೂವತ್ತು ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿದವನಾಗಿ, ನನಗೆ ಒಂದು ಪ್ರಶ್ನೆ ಕಾಡುತ್ತಿತ್ತು. ಪ್ರತಿವರ್ಷ ಚೀಲಗಟ್ಟಲೆ ಕೊಲ್ಲುತ್ತೇವೆ, ಪ್ರತಿವರ್ಷ ಅಷ್ಟೇ ಚೀಲ ತುಂಬುತ್ತದೆ. ಹಾಗಾದರೆ ನಾವು ಕಡಿಮೆ ಮಾಡುತ್ತಿರುವುದು ಏನನ್ನು?

ಪಾಠದ ಪುಸ್ತಕಗಳು ಪಾಪ್ಯುಲೇಷನ್ ಎಂಬುದಕ್ಕೆ ಹತ್ತಾರು ಕನ್ನಡ ಪದಗಳನ್ನು ಹುಡುಕಿವೆ. ಹುಳುಗಳ 'ಜನಸಂಖ್ಯೆ' ಎನ್ನುವುದಕ್ಕೆ ನನ್ನ ನಾಲಿಗೆ ಒಪ್ಪುವುದಿಲ್ಲ. ನಮ್ಮ ಜನ ಆಡುವ ಪದ 'ಸಂತತಿ': ಆನೆ ಸಂತತಿ ಹೆಚ್ಚಿದೆ, ಕಪ್ಪೆ ಸಂತತಿ ಕಡಿಮೆಯಾಗಿದೆ. ನಾನೂ ಅದನ್ನೇ ಬಳಸುತ್ತೇನೆ. ಒಂದು ಜಾಗದಲ್ಲಿ, ಒಂದು ಕಾಲದಲ್ಲಿ, ಒಂದರೊಡನೊಂದು ಕೂಡಿ ಮರಿ ಮಾಡಬಲ್ಲ ಒಂದೇ ಜಾತಿಯ ಜೀವಿಗಳೆಲ್ಲ ಸೇರಿ ಒಂದು ಸಂತತಿ. ಅದರ ಸಂಖ್ಯೆಯನ್ನು ಬದಲಿಸುವ ದಾರಿಗಳು ನಾಲ್ಕೇ: ಹುಟ್ಟು, ಸಾವು, ಒಳಗೆ ಬರುವುದು, ಹೊರಗೆ ಹೋಗುವುದು. ಗೋಣಿಚೀಲ ಈ ನಾಲ್ಕರಲ್ಲಿ ಸಾವನ್ನು ಮಾತ್ರ ಮುಟ್ಟುತ್ತದೆ.

ಮೊದಲು ಎಣಿಕೆಯ ವಿಷಯ. ತೋಟದ ಎಲ್ಲ ಹುಳುಗಳನ್ನೂ ಎಣಿಸುವುದು ಆಗದ ಮಾತು. ಆದರೆ ಒಂದಷ್ಟನ್ನು ಗುರುತು ಮಾಡಿ ಬಿಟ್ಟು, ಅವು ಉಳಿದವುಗಳೊಡನೆ ಬೆರೆಯಲು ಸಮಯ ಕೊಟ್ಟು, ಮತ್ತೊಮ್ಮೆ ಹಿಡಿದರೆ, ಎರಡನೆಯ ಸಲ ಸಿಕ್ಕವುಗಳಲ್ಲಿ ಗುರುತಿನವು ಎಷ್ಟು ಪಾಲು ಇವೆಯೋ, ಇಡೀ ಸಂತತಿಯಲ್ಲೂ ಗುರುತಿನವು ಅಷ್ಟೇ ಪಾಲು ಇರಬೇಕು ಎಂದು ಲೆಕ್ಕ ಹಾಕಬಹುದು. ಡೆನ್ಮಾರ್ಕಿನ ಪೀಟರ್ಸನ್ 1896ರಲ್ಲಿ ಮೀನುಗಳಿಗೆ ಗುರುತು ಹಾಕಿದ, ಅಮೆರಿಕದ ಲಿಂಕನ್ 1930ರಲ್ಲಿ ಕಾಲಿಗೆ ಬಳೆ ತೊಡಿಸಿದ ಬಾತುಕೋಳಿಗಳಿಂದ ಲೆಕ್ಕ ತೆಗೆದ. ಈ ವಿಧಾನಕ್ಕೆ ಇಬ್ಬರ ಹೆಸರೂ ಅಂಟಿಕೊಂಡಿದೆ. ಒಂದು ವಾರದ ನಂತರ ಅದೇ ಅರ್ಧ ಎಕರೆಯಲ್ಲಿ ನನಗೆ 70 ಹುಳುಗಳು ಸಿಕ್ಕವು, ಅವುಗಳಲ್ಲಿ 14ಕ್ಕೆ ಗುಲಾಬಿ ಬೊಟ್ಟು ಇತ್ತು. ಅಂದರೆ ಐದರಲ್ಲಿ ಒಂದು. ಹಾಗಿದ್ದರೆ ನಾನು ಗುರುತು ಮಾಡಿದ 84 ಕೂಡ ಒಟ್ಟು ಸಂಖ್ಯೆಯ ಐದನೆಯ ಒಂದು ಪಾಲು, ಒಟ್ಟು 420.

ಈ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳಿಕೊಂಡ ಮರುದಿನವೇ ಗೌಡರು ಒಂದು ಬಕೆಟ್ ತಂದು ಮುಂದಿಟ್ಟರು. ಅವರು ಬೇಲಿ ಬದಿಯಲ್ಲಿ ಆರಿಸಿ ಉಪ್ಪುನೀರಿಗೆ ಹಾಕಿದ್ದ ಹುಳುಗಳಲ್ಲಿ 11ಕ್ಕೆ ನನ್ನ ಬೊಟ್ಟು ಇತ್ತು. ಗುರುತಿನವು ನಡುವೆ ಸಾಯಬಾರದು, ಹೊರಗೆ ಹೋಗಬಾರದು, ಹೊಸವು ಒಳಗೆ ಬರಬಾರದು ಎಂಬುದು ಈ ಲೆಕ್ಕದ ಮೊದಲ ಷರತ್ತು. ಅದೇ ಮುರಿದುಬಿದ್ದಿತ್ತು. 84ರಿಂದ 11 ಕಳೆದರೆ 73, ಅದರ ಐದು ಪಟ್ಟು 365. ಇನ್ನೂ ಒಂದು ತಪ್ಪು ನನ್ನದೇ ಆಗಿತ್ತು. ಟಾರ್ಚ್ ಬೆಳಕಿಗೆ ಗುಲಾಬಿ ಬೊಟ್ಟು ಹೊಳೆಯುತ್ತದೆ, ಬೊಟ್ಟಿಲ್ಲದ ಕಂದು ಚಿಪ್ಪು ತರಗೆಲೆಯೊಡನೆ ಬೆರೆತುಹೋಗುತ್ತದೆ. ಗುರುತಿನವು ಹೆಚ್ಚು ಸುಲಭವಾಗಿ ಸಿಕ್ಕರೆ ಅವುಗಳ ಪಾಲು ದೊಡ್ಡದಾಗಿ ಕಾಣುತ್ತದೆ, ಒಟ್ಟು ಲೆಕ್ಕ ಇರುವುದಕ್ಕಿಂತ ಕಡಿಮೆ ಬರುತ್ತದೆ. ಬೊಟ್ಟನ್ನು ಚಿಪ್ಪಿನ ಅಡಿಬದಿಗೆ ಇಡಬೇಕಿತ್ತು.

ಇದೇ ಲೆಕ್ಕ ನಮ್ಮ ಜಿಲ್ಲೆಯ ಅಂಚಿನ ನಾಗರಹೊಳೆಯಲ್ಲಿ ಹುಲಿಗಳಿಗೆ ಒದಗಿದ ಬಗೆ ನನಗೆ ಬಹಳ ಇಷ್ಟ. ಹುಲಿಗೆ ಯಾರೂ ಬಣ್ಣ ಹಚ್ಚಬೇಕಾಗಿಲ್ಲ, ಅದರ ಪಟ್ಟೆಗಳೇ ಗುರುತು, ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕಾಡಿನ ದಾರಿಗಳಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನಿಟ್ಟು, ಒಂದೇ ಹುಲಿ ಎಷ್ಟು ಸಲ ಸಿಕ್ಕಿತು ಎಂಬುದರಿಂದ ಸಿಗದೆ ಉಳಿದವು ಎಷ್ಟಿರಬಹುದೆಂದು ಅಂದಾಜು ಮಾಡುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಅದಕ್ಕೂ ಮುಂಚೆ ಹೆಜ್ಜೆಗುರುತಿನ ಅಚ್ಚು ತೆಗೆದು ಹುಲಿ ಎಣಿಸುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲೊಂದು ತೆರ, ಮರಳಿನಲ್ಲೊಂದು ತೆರ ಮೂಡುತ್ತದೆ ಎಂಬುದನ್ನು ಅರಿಯಲು ವಿಜ್ಞಾನಿಯೇ ಆಗಬೇಕಿರಲಿಲ್ಲ.

ಈಗ ಬೆಳವಣಿಗೆಗೆ ಬರುತ್ತೇನೆ. ಈ ಹುಳು ಮೂಲತಃ ಪೂರ್ವ ಆಫ್ರಿಕಾದ್ದು. ಭಾರತಕ್ಕೆ ಅದನ್ನು ತಂದವನು ಬೆನ್ಸನ್ ಎಂಬ, ಬಸವನಹುಳುಗಳನ್ನು ಹವ್ಯಾಸವಾಗಿ ಅಭ್ಯಸಿಸುತ್ತಿದ್ದವನು. 1847ರಲ್ಲಿ ಮಾರಿಷಸ್‌ನಿಂದ ತಂದು ಕಲ್ಕತ್ತದ ಒಂದು ತೋಟದಲ್ಲಿ ಬಿಟ್ಟ. ಪ್ರತಿಯೊಂದು ಹುಳುವೂ ಗಂಡೂ ಹೌದು ಹೆಣ್ಣೂ ಹೌದು, ಒಮ್ಮೆ ಕೂಡಿದರೆ ವೀರ್ಯವನ್ನು ತಿಂಗಳುಗಟ್ಟಲೆ ಮೈಯೊಳಗೆ ಕಾಪಿಟ್ಟುಕೊಳ್ಳುತ್ತದೆ, ಒಂದು ಸಲಕ್ಕೆ 200ರವರೆಗೆ ಮೊಟ್ಟೆಯಿಡುತ್ತದೆ, ಅದೂ ವರ್ಷಕ್ಕೆ ಹಲವು ಬಾರಿ. ಇಂಥ ಜೀವಿಯ ಹೊಸ ಸಂತತಿಗೆ ಒಂದೇ ಒಂದು ಹುಳು ಸಾಕು. ಅಮೆರಿಕದ ಮಯಾಮಿಯಲ್ಲಿ 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ಮೂರು ಹುಳುಗಳನ್ನು ತಂದನಂತೆ, ಅಜ್ಜಿ ಅವನ್ನು ಕೈತೋಟಕ್ಕೆ ಬಿಟ್ಟಳಂತೆ. ಏಳು ವರ್ಷಗಳಲ್ಲಿ ಅವು 18,000ಕ್ಕೂ ಮಿಕ್ಕಿದವು. ಗುಣಿಸಿ ನೋಡಿದೆ: ವರ್ಷಕ್ಕೆ ಸುಮಾರು ಮೂರೂವರೆ ಪಟ್ಟು. ಒಂದು ಹುಳು ನೂರಾರು ಮೊಟ್ಟೆಯಿಟ್ಟರೂ ಸಂತತಿ ನೂರಾರು ಪಟ್ಟು ಆಗುವುದಿಲ್ಲ. ಬಹುಪಾಲು ಮರಿಗಳು ಇರುವೆ, ಬಿಸಿಲು, ಹಕ್ಕಿಗಳ ಪಾಲಾಗುತ್ತವೆ. ಆದರೂ ಒಂದನ್ನು ಮೂರೂವರೆಯಿಂದ ಏಳು ಸಲ ಗುಣಿಸಿದರೆ ಆರು ಸಾವಿರ ದಾಟುತ್ತದೆ. ಚಕ್ರಬಡ್ಡಿಯ ಸಾಲ ಮಾಡಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಮಾಲ್ಥಸ್ 1798ರಲ್ಲಿ ಮನುಷ್ಯರ ಬಗ್ಗೆ ಹೆದರಿದ್ದೂ ಇದೇ ಬಗೆಯ ಏರಿಕೆಗೆ.

ಏರಿಕೆ ಹೀಗೇ ಹೋಗಲಾರದು ಎಂಬುದನ್ನು ಸಮೀಕರಣವಾಗಿ ಬರೆದವನು ಬೆಲ್ಜಿಯಂನ ಗಣಿತಜ್ಞ ವೆರ್‌ಹುಲ್ಸ್ಟ್, 1838ರಲ್ಲಿ. ಒಂದು ಜಾಗಕ್ಕೆ ಇಷ್ಟನ್ನು ಮಾತ್ರ ಪೋಷಿಸುವ ಶಕ್ತಿಯಿದೆ ಎಂದುಕೊಳ್ಳೋಣ. ಅದಕ್ಕೆ ಧಾರಣಾ ಸಾಮರ್ಥ್ಯ ಎಂದು ಹೆಸರು. ಸಂತತಿ ಆ ಮಟ್ಟಕ್ಕೆ ಹತ್ತಿರವಾದಂತೆ ತಿನ್ನಲು, ಅಡಗಲು, ಮೊಟ್ಟೆಯಿಡಲು ಜಾಗ ಸಾಲದಾಗಿ, ತಲಾ ಒಂದಕ್ಕೆ ಬೀಳುವ ಹುಟ್ಟು ಇಳಿಯುತ್ತದೆ, ಸಾವು ಏರುತ್ತದೆ. ಕೊನೆಗೆ ಎರಡೂ ಸಮವಾಗಿ ಬೆಳವಣಿಗೆ ನಿಲ್ಲುತ್ತದೆ. ಕಾಗದದ ಮೇಲೆ ಬರೆದರೆ ರೇಖೆ ಮೊದಲು ಮೆಲ್ಲಗೆ, ನಂತರ ಕಡಿದಾಗಿ ಏರಿ, ಮೇಲೆ ಹೋಗಿ ಚಪ್ಪಟೆಯಾಗುತ್ತದೆ.

ತರಗತಿಯಲ್ಲಿ ನಾನು ಈ ರೇಖೆಯನ್ನು ಬೋರ್ಡಿನ ಮೇಲೆ ನೂರು ಸಲ ಎಳೆದಿದ್ದೇನೆ, ಆದರೆ ಅದು ನನ್ನ ಗೋಣಿಚೀಲದ ಬಗ್ಗೆ ಏನು ಹೇಳುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಮ್ಮ ಅರ್ಧ ಎಕರೆಯ ಧಾರಣಾ ಸಾಮರ್ಥ್ಯ 400 ಎಂದೂ, ಅಡ್ಡಿಯೇ ಇಲ್ಲದಿದ್ದರೆ ಒಂದು ಹುಳು ವರ್ಷಕ್ಕೆ ಇನ್ನೊಂದನ್ನು ಸೇರಿಸುತ್ತದೆ ಎಂದೂ ಸುಮ್ಮನೆ ಇಟ್ಟುಕೊಳ್ಳೋಣ. 390 ಹುಳುಗಳಿರುವ ತುಂಬಿದ ತೋಟದಲ್ಲಿ ವರ್ಷಕ್ಕೆ ಸೇರುವುದು ಸುಮಾರು 10. ಅದನ್ನು ಕಷ್ಟಪಟ್ಟು 200ಕ್ಕೆ ಇಳಿಸಿದರೆ ಸೇರುವುದು 100! ಉಳಿದವುಗಳಿಗೆ ತಿನ್ನಲು ಧಾರಾಳ, ಅಡಗಲು ಧಾರಾಳ. 40ಕ್ಕೆ ಇಳಿಸಿದರೆ ಮಾತ್ರ ಸೇರುವುದು 36ಕ್ಕೆ ಬರುತ್ತದೆ. ರೇಖೆ ಅತ್ಯಂತ ಕಡಿದಾಗಿರುವುದು ಸರಿಯಾಗಿ ಅರ್ಧದಲ್ಲಿ. ಅರ್ಧದಷ್ಟನ್ನು ಹಿಡಿದು, ಸುಸ್ತಾಗಿ, ಸಾಕೆಂದು ಕೈತೊಳೆದುಕೊಂಡ ನಾವು ಪ್ರತಿವರ್ಷ ಸಂತತಿಯನ್ನು ಅದು ಅತಿ ವೇಗವಾಗಿ ಬೆಳೆಯುವ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದೆವು. ಮೀನುಗಾರಿಕೆಯ ತಜ್ಞರು ವರ್ಷವರ್ಷವೂ ಹೆಚ್ಚು ಮೀನು ಸಿಗಲೆಂದು ಬೇಕೆಂತಲೇ ಮಾಡುವ ಲೆಕ್ಕ ಇದು. ನಾವು ಅರಿಯದೆ ಶಂಖದ ಹುಳುವಿನ ಸಾಕಣೆ ಮಾಡುತ್ತಿದ್ದೆವು ಎಂದರೆ ತಪ್ಪಾಗದು.

ನಿಜವಾದ ಹುಳು ಸಮೀಕರಣದಷ್ಟು ಶಿಸ್ತಿನದಲ್ಲ. ಅದಕ್ಕೆ ಋತುಗಳಿವೆ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿಗೆ ಬಿಳಿಯ ತೆಳುಪೊರೆ ಕಟ್ಟಿಕೊಂಡು ಕಲ್ಲಿನ ಸಂದಿಯಲ್ಲಿ ಮಲಗುತ್ತದೆ, ಮಳೆ ಬಿದ್ದ ಮೇಲೆ ಎದ್ದು ಕೂಡುತ್ತದೆ. ನಾವು ಜುಲೈ, ಆಗಸ್ಟಿನಲ್ಲಿ, ಕಣ್ಣಿಗೆ ಅತಿ ಹೆಚ್ಚು ಕಾಣುವಾಗ, ಚೀಲ ಹಿಡಿದು ಹೊರಡುವ ಹೊತ್ತಿಗೆ ಸಬ್ಬಕ್ಕಿಯಂಥ ಮೊಟ್ಟೆಗಳು ಸಡಿಲ ಮಣ್ಣಿನೊಳಗೆ ಸೇರಿ ಆಗಿರುತ್ತವೆ. ಸಂತತಿಯೆಂದರೆ ಬರೀ ಸಂಖ್ಯೆಯಲ್ಲ, ಅದರಲ್ಲಿ ಎಷ್ಟು ಮೊಟ್ಟೆ, ಎಷ್ಟು ಮರಿ, ಎಷ್ಟು ಬಲಿತವು ಎಂಬ ವಯಸ್ಸಿನ ರಚನೆಯೂ ಹೌದು ಎಂಬ ಪಾಠದ ಅರ್ಥ ಇಷ್ಟೇ.

ಆನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಈ ರಚನೆಯ ಮಹತ್ವ ತಿಳಿಯುತ್ತದೆ. ಆನೆಯ ಗರ್ಭ 22 ತಿಂಗಳು, ಒಂದು ಮರಿಗೂ ಇನ್ನೊಂದಕ್ಕೂ ನಾಲ್ಕೈದು ವರ್ಷಗಳ ಅಂತರ. ಹುಟ್ಟಿದ್ದರಲ್ಲಿ ಹೆಚ್ಚಿನವು ಬದುಕಿ ಮುದಿಯಾಗುವ ಜೀವಿಯದು. ಕರ್ನಾಟಕದ ಆನೆ ಗಣತಿಯಲ್ಲಿ 2017ರಲ್ಲಿ 6,049, 2023ರಲ್ಲಿ 6,395 ಎಂಬ ಅಂದಾಜು ಬಂತು. ವರ್ಷಕ್ಕೆ ನೂರಕ್ಕೆ ಒಂದರಷ್ಟೂ ಇಲ್ಲದ ಏರಿಕೆ, ಅದೂ ಎರಡೂ ಅಂದಾಜುಗಳೇ. ಆದರೆ ಕೊಡಗಿನ ಸಿದ್ದಾಪುರದ ಕಡೆಯ ತೋಟದವರನ್ನು ಕೇಳಿದರೆ ಆನೆ ಎರಡು ಪಟ್ಟಾಗಿದೆ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಕೆರೆಯ ಬಳಿ ಆನೆ ನಿಜವಾಗಿಯೂ ಹೆಚ್ಚಿರಬಹುದು. ನೀರು, ಹಲಸು, ನೆರಳು ಎಲ್ಲ ಒಂದೇ ಕಡೆ ಸಿಗುವ ತೋಟಕ್ಕೆ ಕಾಡಿನಿಂದ ಬಂದು ನಿಂತರೆ, ಒಂದು ಮರಿಯೂ ಹುಟ್ಟದೆ ಅಲ್ಲಿನ ಸಾಂದ್ರತೆ ಇಮ್ಮಡಿಯಾಗುತ್ತದೆ. ಹುಟ್ಟಿನ ಲೆಕ್ಕವನ್ನೂ ವಲಸೆಯ ಲೆಕ್ಕವನ್ನೂ ಒಂದೇ ಪುಟದಲ್ಲಿ ಬರೆದರೆ ಜಗಳ ಮುಗಿಯುವುದಿಲ್ಲ.

ಸಂತತಿಗೆ ಕಡಿವಾಣ ಹಾಕುವ ಕಾರಣಗಳಲ್ಲಿ ಎರಡು ಬಗೆಯಿವೆ, ಎರಡನ್ನೂ ಕೊಡಗು ಕಂಡಿದೆ. ದಟ್ಟಣೆ ಹೆಚ್ಚಿದಂತೆ ಬಿಗಿಯಾಗುವುದು ಒಂದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಸ್ ರೋಗ ಬಂದಾಗ ನಮ್ಮ ತುಡುವೆ ಜೇನುಪೆಟ್ಟಿಗೆಗಳಲ್ಲಿ ಬಹುಪಾಲು ಖಾಲಿಯಾದವು. ಪಕ್ಕಪಕ್ಕದಲ್ಲೇ ಪೆಟ್ಟಿಗೆಗಳಿದ್ದಷ್ಟೂ ಒಂದರಿಂದ ಒಂದಕ್ಕೆ ದಾಟುವುದು ರೋಗಕ್ಕೆ ಸುಲಭ. ದಟ್ಟಣೆಯ ಹಂಗೇ ಇಲ್ಲದ್ದು ಇನ್ನೊಂದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ, ಅದರ ಮೇಲೆ ಹತ್ತು ಜೀವಿಗಳಿದ್ದವೋ ಹತ್ತು ಸಾವಿರವೋ ಎಂದು ಮಣ್ಣು ಕೇಳಲಿಲ್ಲ.

ಧಾರಣಾ ಸಾಮರ್ಥ್ಯ ಇರುವುದು ಹುಳುವಿನ ಮೈಯಲ್ಲಲ್ಲ, ಜಾಗದಲ್ಲಿ, ಮತ್ತು ಜಾಗ ನಮ್ಮ ಕೈಯಲ್ಲಿದೆ. ಅರೇಬಿಕಾ ಬೆಳೆಯುವವರಿಗೆ ಇದು ಹೊಸ ಮಾತಲ್ಲ. ಮರಗಸಿ, ಅಂದರೆ ನೆರಳುಮರಗಳ ಕೊಂಬೆ, ಅತಿಯಾಗಿ ತೆಗೆದು ತೋಟಕ್ಕೆ ಬಿಸಿಲು ಬಿಟ್ಟರೆ ಬಿಳಿ ಕಾಂಡಕೊರಕ ಬರುತ್ತದೆ ಎಂದು ಹಿರಿಯರು ಗದರುತ್ತಿದ್ದುದು ಇದಕ್ಕೇ. ಆ ದುಂಬಿ ಬಿಸಿಲು ಬಿದ್ದ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡಲು ಇಷ್ಟಪಡುತ್ತದೆ, ನೆರಳು ತೆಗೆದವರು ಅದರ ಧಾರಣಾ ಸಾಮರ್ಥ್ಯವನ್ನು ತಾವೇ ಏರಿಸಿದಂತಾಯಿತು. ಶಂಖದ ಹುಳುವಿಗೆ ನಾವು ಏನೆಲ್ಲ ಒದಗಿಸಿದ್ದೇವೆ ಎಂದು ಒಂದು ದಿನ ತೋಟ ಸುತ್ತಿ ನೋಡಿದೆ. ಒಂದು ಮೂಲೆಯಲ್ಲಿ ಕೊಳೆಯಲು ಬಿಟ್ಟ ಕಾಫಿ ಸಿಪ್ಪೆ, ಇನ್ನೊಂದು ಮೂಲೆಯಲ್ಲಿ ಕಡಿದು ಹಾಗೇ ಬಿಟ್ಟ ಬಾಳೆದಿಂಡು, ನೀರು ನಿಂತ ಚರಂಡಿ. ಚಿಪ್ಪು ಕಟ್ಟಲು ಹುಳುವಿಗೆ ಸುಣ್ಣದ ಅಂಶ ಬೇಕು. ಅದಕ್ಕೂ ಕೊರತೆಯಿಲ್ಲ. ಪಂಪ್‌ಹೌಸಿನ ಸುಣ್ಣ ಬಳಿದ ಗೋಡೆಯ ಮೇಲೆ ಮೊಣಕಾಲೆತ್ತರದವರೆಗೆ ಅವು ಕೆರೆದ ಗುರುತು, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ ಹಾಗೆ. ಅಷ್ಟನ್ನೂ ಹಾಗೇ ಬಿಟ್ಟು ಬರೀ ಹುಳು ಆರಿಸಿದರೆ ರೇಖೆ ಮತ್ತೆ 400ರ ಕಡೆಗೇ ಏರುತ್ತದೆ.

ಹುಳುವನ್ನು ತಿನ್ನುವ ಇನ್ನೊಂದು ಪ್ರಾಣಿಯನ್ನು ತಂದು ಬಿಡಬಾರದೇಕೆ ಎಂದು ಕೇಳುವವರಿದ್ದಾರೆ. ಬಿಟ್ಟು ನೋಡಿದ್ದಾಗಿದೆ. ಶಾಂತಸಾಗರದ ದ್ವೀಪಗಳಲ್ಲಿ ಇದೇ ಹುಳುವನ್ನು ತಿನ್ನಲೆಂದು ಗುಲಾಬಿ ತೋಳಬಸವನಹುಳು ಎಂಬ ಬೇಟೆಗಾರ ಹುಳುವನ್ನು 1955ರಲ್ಲಿ ಹವಾಯಿಗೆ, 1977ರಲ್ಲಿ ಮೂರಿಯಾ ದ್ವೀಪಕ್ಕೆ ತಂದರು. ಅದು ದೊಡ್ಡ ಹುಳುವನ್ನು ಹತೋಟಿಗೆ ತರುವ ಬದಲು ಮೂರಿಯಾದ ಮರಗಳ ಮೇಲಿದ್ದ ಸಣ್ಣ ಸ್ಥಳೀಯ ಬಸವನಹುಳುಗಳನ್ನು ಹತ್ತು ವರ್ಷಗಳಲ್ಲಿ ಕಾಡಿನಿಂದ ಅಳಿಸಿಹಾಕಿತು. ಲೊಟ್ಕಾ 1925ರಲ್ಲಿ, ವೊಲ್ಟೆರಾ 1926ರಲ್ಲಿ ಬರೆದ ಬೇಟೆ–ಬೇಟೆಗಾರರ ಸಮೀಕರಣಗಳಲ್ಲಿ ಇಬ್ಬರೇ ಪಾತ್ರಧಾರಿಗಳು. ಕಾಡಿನಲ್ಲಿ ಹಾಗಿರುವುದಿಲ್ಲ.

ಉಳಿದದ್ದು ಬೇಲಿಯ ಪ್ರಶ್ನೆ. 1969ರಲ್ಲಿ ರಿಚರ್ಡ್ ಲೆವಿನ್ಸ್ ಎಂಬ ಪರಿಸರ ವಿಜ್ಞಾನಿ, ಒಂದು ಸೀಮೆಯ ಕೀಟಗಳನ್ನು ಒಂದೇ ಸಂತತಿಯಾಗಿ ನೋಡದೆ, ತುಂಡು ತುಂಡು ಜಾಗಗಳಲ್ಲಿ ಆರಿಹೋಗುತ್ತ, ಪಕ್ಕದ ತುಂಡಿನಿಂದ ಬಂದು ಮತ್ತೆ ಹತ್ತಿಕೊಳ್ಳುತ್ತ ಇರುವ ಸಂತತಿಗಳ ಸಮೂಹವಾಗಿ ನೋಡಿದ. ಅವನಿಗೆ ಆ ಯೋಚನೆ ಬಂದದ್ದು ಬೆಳೆಯ ಕೀಟಗಳ ಹತೋಟಿಯ ಬಗ್ಗೆ ಬರೆಯುವಾಗಲೇ. ಇವತ್ತು ಒಂದು ತುಂಡಿನಲ್ಲಿ, ಮುಂದಿನ ತಿಂಗಳು ಇನ್ನೊಂದರಲ್ಲಿ ಕೊಂದರೆ ಖಾಲಿಯಾದ ತುಂಡಿಗೆ ಪಕ್ಕದವು ಬರುತ್ತವೆ. ಎಲ್ಲ ಕಡೆ ಒಟ್ಟಿಗೇ ಕೊಂದರೆ ಬರಲು ಎಲ್ಲೂ ಉಳಿದಿರುವುದಿಲ್ಲ. ಕೊಡಗಿನ 1,200ಕ್ಕೂ ಹೆಚ್ಚು ದೇವರಕಾಡುಗಳಲ್ಲಿ ಉಳಿದಿರುವ ಜೀವಿಗಳಿಗೆ ಇದೇ ತರ್ಕ ತಿರುವುಮುರುವಾಗಿ ಅನ್ವಯಿಸುತ್ತದೆ. ಅಲ್ಲಿ ಒಂದು ಕಾಡಿನಲ್ಲಿ ಅಳಿದದ್ದು ಪಕ್ಕದ ಕಾಡಿನಿಂದ ಬರಲಿ ಎಂದೇ ನಾವು ಬಯಸುತ್ತೇವೆ, ಆದ್ದರಿಂದ ನಡುವಿನ ಮರಗಳ ನೆರಳು ಉಳಿಯಬೇಕು. ಅದು ಇನ್ನೊಂದು ದಿನದ ಬರಹಕ್ಕಿರಲಿ.

ಈ ಮಾತನ್ನು ಗೌಡರಿಗೆ ಹೇಳಿದೆ. ಅವರು ಸುತ್ತಲಿನ ಆರು ತೋಟದವರನ್ನು ಕೂಡಿಸಿದರು. ಮಳೆಗಾಲ ಕಾಯದೆ ಬೇಸಿಗೆಯಲ್ಲೇ, ಕಾಫಿ ಅರಳಿಸುವ ಹೂಮಳೆ ಬೀಳುವ ಮುಂಚೆ, ಎಲ್ಲರೂ ಒಂದೇ ವಾರದಲ್ಲಿ ಸಿಪ್ಪೆ ರಾಶಿ, ಕಲ್ಲುಗುಡ್ಡೆ ಕೆದಕಿ ಮಲಗಿರುವ ಹುಳುಗಳನ್ನು ತೆಗೆಯುವುದೆಂದು ಮಾತಾಯಿತು. ಕಳೆದ ಭಾನುವಾರ ಗೌಡರ ಅಡಿಕೆ ಸಿಪ್ಪೆಯ ರಾಶಿಯಿಂದ ಶುರುಮಾಡಿದೆವು. ಗುದ್ದಲಿಯಲ್ಲಿ ಎಳೆದಂತೆ ಒಳಗಿನ ತಂಪಿನಲ್ಲಿ ಬಾಯಿಗೆ ಪೊರೆ ಕಟ್ಟಿಕೊಂಡ ಚಿಪ್ಪುಗಳು ಉರುಳತೊಡಗಿದವು. 52 ಸಿಕ್ಕವು. ಒರೆಸಿ ನೋಡುವಾಗ ಮೂರರ ಬೆನ್ನಿನ ಮೇಲೆ, ಮಾಸಿದ್ದರೂ ಸ್ಪಷ್ಟವಾಗಿ, ಗುಲಾಬಿ ಬೊಟ್ಟು ಇತ್ತು. ನಾನು ಜೂನ್‌ನಲ್ಲಿ ಕುಳಿತಿದ್ದ ಜಾಗದಿಂದ ಆ ರಾಶಿಗೆ ಬೇಲಿ ದಾಟಿ ಸುಮಾರು ಅರವತ್ತು ಹೆಜ್ಜೆ.

"ಇವನ್ನೂ ವಾಪಸ್ ಬಿಡಬೇಕಾ ಮೇಷ್ಟ್ರೇ?" ಎಂದರು ಗೌಡರು.

ಬೇಡವೆಂದೆ. ಅವರು ಮೂರನ್ನೂ ಬಕೆಟ್ಟಿಗೆ ಹಾಕಿದರು. ನಾನು ನೋಟ್‌ಬುಕ್ಕಿನಲ್ಲಿ 'ಹೊರವಲಸೆ' ಎಂಬ ಸಾಲಿನ ಮುಂದೆ, ಆ ಹಳೆಯ 11ರ ಪಕ್ಕ, 3 ಎಂದು ಬರೆದುಕೊಂಡೆ.